ಸಿಂಧನೂರಿನಲ್ಲಿ ಕಂಡು ಗುರುಗುಂಟಾದಲ್ಲಿ ಕಾಣದ ಟೀವಿ

ರಿಪೇರಿ ಕೆಲಸಕ್ಕೆ ಹೊಸದಾಗಿ ಇಳಿಯುತ್ತಿರುವ ಜಾಣರೇ, ಮೊನ್ನೆ ಸಿಂಧನೂರಿನ ಒಂದು ಅಂಗಡಿಯಲ್ಲಿ ನಿಮ್ಮಲ್ಲೊಬ್ಬರ ಕೈಚಳಕ ನೋಡಿ ಬಂದೆ. ಗಿರಾಕಿಯೊಬ್ಬರು ಲ್ಯಾಪ್‌ಟಾಪ್ ತಂದಿದ್ದರು. ಮನೆಯಲ್ಲಿ ವೈಫೈ ಹಿಡಿಯುವುದಿಲ್ಲ ಎಂಬುದು ಅವರ ತಕರಾರು. ನಮ್ಮ ತಜ್ಞರು ಗಿರಾಕಿಯ ಮುಖವನ್ನೂ ನೋಡದೆ ಲ್ಯಾಪ್‌ಟಾಪನ್ನು ಮಕಾಡೆ ಮಲಗಿಸಿ, ಇದ್ದಬದ್ದ ಸ್ಕ್ರೂಗಳನ್ನೆಲ್ಲ ಬಿಚ್ಚಿ, ಊದಿ, ಒರೆಸಿ, ಮತ್ತೆ ಜೋಡಿಸಿ, ಅಂಗಡಿಯ ವೈಫೈಗೆ ಹಚ್ಚಿ ತೋರಿಸಿದರು. ಹಿಡಿಯಿತು. ಬಿಚ್ಚುವ ಮೊದಲೂ ಹಿಡಿಯುತ್ತಿತ್ತೋ ಏನೋ, ಅದನ್ನು ಯಾರೂ ನೋಡಿರಲಿಲ್ಲ. ಗಿರಾಕಿ ಖುಷಿಯಿಂದ ಹೋದರು. ಮರುದಿನ ಅದೇ ಲ್ಯಾಪ್‌ಟಾಪ್ ಹಿಡಿದು ಅದೇ ಮೆಟ್ಟಿಲು ಹತ್ತಿರುತ್ತಾರೆ, ಅದಕ್ಕೆ ನಾನು ಬರೆದು ಕೊಡುತ್ತೇನೆ.

ನಾನು ನಗಬೇಕಿತ್ತು. ನಗು ಬರಲಿಲ್ಲ. ಇದೇ ತಪ್ಪನ್ನು ಟೀವಿಯ ಮೇಲೆ ಮಾಡಿ, ಒಂದು ಹೆಣ್ಣುಮಗಳ ಸಂಸಾರವನ್ನು ಬಸ್ಸಿನ ಮೇಲೆ ಹಗ್ಗ ಹಾಕಿ ಕಟ್ಟಿ ಅತ್ತಿತ್ತ ಓಡಾಡಿಸಿದವನು ನಾನು. ಷಟರ್ ಎಳೆದು ಮನೆಯಲ್ಲಿ ಕುಳಿತ ಮೇಲೂ ಅದು ಮರೆಯುವುದಿಲ್ಲ. ನಿಮಗೆ ಉಪಯೋಗವಾದೀತೆಂದು ಬರೆದಿಡುತ್ತಿದ್ದೇನೆ. ಪುಕ್ಕಟೆ ಕೊಡುತ್ತಿರುವುದರಿಂದ ನೀವು ಓದಲಿಕ್ಕಿಲ್ಲ ಎಂಬುದೂ ಗೊತ್ತು.

ಇಷ್ಟು ವರ್ಷ ದುಡಿದರೂ ನನಗೆ ಬಡ್ತಿ ಸಿಗಲಿಲ್ಲ. ಸ್ವಂತ ಅಂಗಡಿಯವನಿಗೆ ಬಡ್ತಿ ಕೊಡುವವರು ಯಾರು? ಕೆಲಸ ಕಲಿತದ್ದು ಮಸ್ಕಿಯಲ್ಲಿ, ಉಸ್ತಾದ್ ಮೌಲಾಸಾಬರ ರೇಡಿಯೋ ಅಂಗಡಿಯಲ್ಲಿ. ಉಸ್ತಾದರು ರೇಡಿಯೋ ಬಂದ ಕೂಡಲೇ ಅದನ್ನು ಮುಟ್ಟುತ್ತಿರಲಿಲ್ಲ. ಗಿರಾಕಿಯನ್ನು ಕೂರಿಸಿ ಚಹಾ ತರಿಸುತ್ತಿದ್ದರು. ಎಲ್ಲಿ ಇಟ್ಟೀರಿ, ಪಕ್ಕದಲ್ಲಿ ಏನೈತಿ, ಮಾಳಿಗೆಯ ಮೇಲೆ ಅಲೆ ಹಿಡಿಯುವ ತಂತಿಯ ಜಾಳಿಗೆ ಯಾವ ಕಡೆ ಕಟ್ಟೀರಿ ಎಂದು ವಧು ನೋಡಲು ಬಂದವರಂತೆ ವಿಚಾರಿಸುತ್ತಿದ್ದರು. ನಾನು ಸ್ಕ್ರೂಡ್ರೈವರ್ ಹಿಡಿದರೆ ಕೈಮೇಲೆ ಒಂದೇಟು ಬೀಳುತ್ತಿತ್ತು.

"ಲೇ, ಪೆಟಗಿ ಎಲ್ಲೂ ಓಡಿ ಹೋಗಂಗಿಲ್ಲ. ಮೊದಲ ಹೊರಗ ನೋಡು. ಖರಾಬಾಗೂದೆಲ್ಲ ಹೊರಗ ಇರತೈತಿ."

ನಾನು ಇದನ್ನು ಮುದುಕರ ಸೋಮಾರಿತನ ಎಂದುಕೊಂಡು, ಕೆಲಸ ಕೈಗೆ ಬಂದ ಕೂಡಲೇ ಸಿಂಧನೂರಿಗೆ ಹೋಗಿ ಟೀವಿ ಮಾರುವ, ರಿಪೇರಿ ಮಾಡುವ ಸ್ವಂತ ಅಂಗಡಿ ತೆರೆದೆ. ಎಂಬತ್ತರ ದಶಕ ಅರ್ಧ ಕಳೆದಿತ್ತು. ಕಾಲುವೆ ನೀರು ಬಂದ ಊರುಗಳಲ್ಲಿ ಭತ್ತ ಬೆಳೆದು, ಭತ್ತ ಮಾರಿ, ಟೀವಿ ತರುವ ಹುಚ್ಚು ಹತ್ತಿತ್ತು. ಪ್ರಸಾರದ ಗೋಪುರ ಎಲ್ಲೋ ದೂರ. ಮನೆಯ ಮೇಲೆ ಎತ್ತರದ ಪೈಪು ನಿಲ್ಲಿಸಿ, ತುದಿಗೆ ಆಂಟೆನಾ ಕಟ್ಟಿ, ಅದನ್ನು ಗೋಪುರದ ಕಡೆ ತಿರುಗಿಸಿದರೆ ಚಿತ್ರ. ಕೊಂಚ ಸರಿದರೆ ಪರದೆಯ ತುಂಬ ಬಿಳಿ ಚುಕ್ಕೆ. ಭತ್ತದ ಊರಿನವರು ಅದಕ್ಕೆ "ಅಕ್ಕಿ ಸುರಿಯಾಕತ್ತೈತಿ" ಎನ್ನುತ್ತಿದ್ದರು. ಲಿಂಗಸುಗೂರಿನ ಆಚೆಯ ಒಣ ಭೂಮಿಯವರು "ಇರುವಿ ಬಿದ್ದಾವ" ಎನ್ನುತ್ತಿದ್ದರು. ರೋಗ ಒಂದೇ.

ತುರ್ವಿಹಾಳದ ಒಬ್ಬ ರೈಸ್‌ಮಿಲ್ ಮಾಲೀಕರ ಟೀವಿಯಲ್ಲಿ ಅಡ್ಡಗೆರೆ ಓಡುತ್ತಿದ್ದವು. ನಾನು ಸೆಟ್ಟನ್ನು ಟ್ರ್ಯಾಕ್ಟರಿನಲ್ಲಿ ಹಾಕಿಸಿಕೊಂಡು ಅಂಗಡಿಗೆ ತಂದು, ಮೂರು ದಿನ ಬಿಚ್ಚಿ, ಚೆನ್ನಾಗಿದ್ದ ಎರಡು ಭಾಗ ತೆಗೆದು ಅಷ್ಟೇ ಚೆನ್ನಾಗಿದ್ದ ಬೇರೆ ಎರಡನ್ನು ಹಾಕಿ ಮರಳಿ ಒಯ್ದೆ. ಗೆರೆ ಹಾಗೇ ಇದ್ದವು. ಮೂಟೆ ಹೊರುವ ಹಮಾಲನೊಬ್ಬ ಬಾಗಿಲಲ್ಲಿ ನಿಂತು, "ಮಿಲ್ ಬಂದ್ ಇದ್ದಾಗ ಗೆರಿ ಬರಂಗಿಲ್ಲರೀ" ಅಂದ. ಮಿಲ್ಲಿನ ಮೋಟರಿನ ಕಿಡಿ ಟೀವಿಗೆ ಬಡಿಯುತ್ತಿತ್ತು.

ಮಾಲೀಕರು ಸಿಟ್ಟಿಗೆದ್ದರು. "ಹಂಗಾರ ಟೀವಿ ನೋಡಾಕ ನಾ ಮಿಲ್ ಬಂದ್ ಮಾಡ್ಬೇಕೇನು?"

"ಟೀವಿ ಬಂದ್ ಮಾಡಿ ಮಿಲ್ ನಡಸ್ರಿ ಧಣಿ, ಲಾಭ ಅದರಾಗ ಐತಿ" ಎಂದೆ. ಹೇಳಿದ್ದು ಸತ್ಯ. ಗಿರಾಕಿ ಹೋದದ್ದೂ ಸತ್ಯ.

ಲಿಂಗಸುಗೂರಿನ ಒಬ್ಬ ಸಾಹೇಬರ ಕ್ವಾರ್ಟರ್ಸಿಗೆ ಹೋದಾಗ ಕೊಂಚ ಬುದ್ಧಿ ಬಂದಿತ್ತು. ಸಾಹೇಬರು ಅರ್ಧ ಗಂಟೆ ನಿಂತೇ ಬೈದರು: ನಾನು ಕೊಟ್ಟದ್ದು ಡಬ್ಬಾ ಸೆಟ್ಟು, ನಿನ್ನೆವರೆಗೆ ಕಾಣುತ್ತಿತ್ತು, ಇಂದು ಸತ್ತಿದೆ. ಮೇಲೆ ಹತ್ತಿ ನೋಡಿದರೆ ಆಂಟೆನಾದಿಂದ ತಂತಿಯನ್ನು ಕಳಚಿ ಎರಡು ಕಂಬಕ್ಕೆ ಕಟ್ಟಿ ಬಟ್ಟೆ ಒಣಹಾಕಿದ್ದರು. ನಡುವೆ ಸಾಹೇಬರ ಪಾಯಿಜಾಮ ಗಾಳಿಗೆ ಉಬ್ಬಿ ಮೆರೆಯುತ್ತಿತ್ತು. ಸಿಗ್ನಲ್ ನಿಮ್ಮ ಪಾಯಿಜಾಮಕ್ಕೆ ಬರುತ್ತಿದೆ ಎಂದು ಹೇಳುವ ಆಸೆಯಾಯಿತು. ಹೇಳಲಿಲ್ಲ. ತಂತಿ ಜೋಡಿಸಿ ಕೆಳಗಿಳಿದು "ಅಟ್ಮಾಸ್ಫಿಯರಿಕ್ ಡಿಸ್ಟರ್ಬೆನ್ಸ್ ಇತ್ತು ಸರ್" ಎಂದೆ. ಸಾಹೇಬರು ಗಂಭೀರವಾಗಿ ತಲೆಯಾಡಿಸಿ, ತಮಗೂ ಹಾಗೇ ಅನಿಸಿತ್ತು ಎಂದರು. ಬರೆದುಕೊಳ್ಳಿ: ಬಡವರ ತಪ್ಪನ್ನು ಕನ್ನಡದಲ್ಲಿ ಹೇಳಬಹುದು, ಸಾಹೇಬರ ತಪ್ಪಿಗೆ ಇಂಗ್ಲಿಷಿನ ಹೆಸರು ಬೇಕು.

ಇಷ್ಟೆಲ್ಲ ಕಲಿತವನು ಗುರುಗುಂಟಾದ ವಿಷಯದಲ್ಲಿ ಶುದ್ಧ ಹೆಡ್ಡನಾದೆ.

ಸಿಂಧನೂರಿನ ಕಿರಾಣಿ ವ್ಯಾಪಾರಿ ವೀರಭದ್ರಪ್ಪನವರು ಮಗಳು ಮಹಾದೇವಿಯ ಮದುವೆಗೆ ನನ್ನಲ್ಲಿ ಒಂದು ಕಪ್ಪು-ಬಿಳುಪಿನ ಟೀವಿ ಕೊಂಡರು. ವರನ ಕಡೆಯವರು ಗುರುಗುಂಟಾದವರು. ಆಗ ನಮ್ಮ ಕಡೆ ಬಳುವಳಿಯನ್ನೆಲ್ಲ ಹಂದರದಲ್ಲಿ ಸಾಲಾಗಿ ಜೋಡಿಸಿಡುತ್ತಿದ್ದರು: ಮಂಚ, ಗಾದಿ, ಕಪಾಟು, ಕೊಡಗಳು. ಟೀವಿ ಇದ್ದರೆ ಅದನ್ನು ಹಚ್ಚಿ ಇಡುತ್ತಿದ್ದರು, ಖಾಲಿ ಡಬ್ಬಿ ಕೊಟ್ಟಿಲ್ಲ ಎಂದು ಬೀಗರಿಗೆ ಗೊತ್ತಾಗಲಿ ಅಂತ. ಮದುವೆ ಭಾನುವಾರ ಬೆಳಿಗ್ಗೆ. ನಾನೇ ಹಂದರದ ಪಕ್ಕ ಪೈಪು ನಿಲ್ಲಿಸಿ ಚಿತ್ರ ತಂದೆ. ಅಕ್ಕಿಕಾಳು ಹಾಕಬೇಕಾದವರು ವಧುವರರಿಗೆ ಬೆನ್ನು ತಿರುಗಿಸಿ ಟೀವಿ ನೋಡುತ್ತ ಕುಳಿತರು.

ವರನ ತಂದೆ ಅಮರೇಗೌಡರು ಮೀಸೆ ಸವರುತ್ತ ಬಂದು ಕೇಳಿದರು: "ನಮ್ಮೂರಾಗೂ ಹಿಂಗ ಕಾಣತೈತೇನಪಾ?"

"ಗೌಡ್ರ, ಗುಡ್ಡದ ಮ್ಯಾಲ ಇಟ್ರೂ ಕಾಣತೈತಿ, ಬಾವ್ಯಾಗ ಇಳಿಸಿದ್ರೂ ಕಾಣತೈತಿ. ಗ್ಯಾರಂಟಿ ನಂದು!"

ಅಲ್ಲಿಯವರೆಗೆ ನಾನು ಗುರುಗುಂಟಾ ಊರನ್ನೇ ನೋಡಿರಲಿಲ್ಲ.

ತಿಂಗಳೊಳಗೆ ಮಹಾದೇವಿಯ ಅಣ್ಣ ಸೆಟ್ಟನ್ನು ಬಸ್ಸಿನ ಮೇಲೆ ಹಾಕಿಕೊಂಡು ಬಂದ. ಬರೀ ಇರುವೆಯಂತೆ. ಅಂಗಡಿಯಲ್ಲಿ ಹಚ್ಚಿದೆ, ಕನ್ನಡಿಯಂತೆ ಕಂಡಿತು. ಒಳಗಿನ ಧೂಳು ಒರೆಸಿ ಸರ್ವಿಸ್ ಆಯಿತೆಂದು ಕಳಿಸಿದೆ. ಮತ್ತೆ ಬಂತು. ಮತ್ತೆ ಕನ್ನಡಿಯಂತೆ ಕಂಡಿತು. ಈ ಸಲ ಸಿಗ್ನಲ್ ಹೆಚ್ಚಿಸುವ ಬೂಸ್ಟರ್ ಎಂಬ ಪುಟ್ಟ ಡಬ್ಬಿ ಮಾರಿ ಕಳಿಸಿದೆ. ವ್ಯಾಪಾರ ಎಂದರೆ ಹೀಗಿರಬೇಕು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮೂರನೆಯ ಸಲ ಟೀವಿಯ ಜೊತೆ ಮಹಾದೇವಿಯೂ ತವರಿಗೆ ಬಂದಳು, ಬಟ್ಟೆಯ ಚೀಲ ಹಿಡಿದು.

ಗುರುಗುಂಟಾದಲ್ಲಿ ಅಮರೇಗೌಡರು ಊರ ಮಂದಿಯನ್ನೆಲ್ಲ ಟೀವಿ ನೋಡಲು ಕರೆದಿದ್ದರು. ಮಂದಿ ಬಂದು, ಇರುವೆ ನೋಡಿ, ಚಹಾ ಕುಡಿದು ಹೋಗಿದ್ದರು. ಆಮೇಲೆ ಗೌಡರು ಕಟ್ಟೆಯ ಮುಂದೆ ಹಾದರೆ ಸಾಕು, "ಗೌಡ್ರ, ಇವತ್ತು ಇರುವಿ ಎಷ್ಟ್ ಅದಾವ?" ಎಂದು ಕೇಳುವವರು ಹುಟ್ಟಿಕೊಂಡರು. ಮದುವೆಯಲ್ಲಿ ತೋರಿಸಿದ್ದು ಒಂದು ಸೆಟ್ಟು, ಕಳಿಸಿದ್ದು ಇನ್ನೊಂದು ಎಂದು ಗೌಡರು ತೀರ್ಮಾನಿಸಿ, ಸೊಸೆಗೆ ಹೇಳಿದ್ದರು: "ಕಾಣೂ ಟೀವಿ ತಗೊಂಡು ಬಾ. ಇಲ್ಲಂದ್ರ ನಿಮ್ಮಪ್ಪನ ಮನಿಯಾಗ ಕುಂತು ನೋಡು."

ಇಪ್ಪತ್ತು ದಿನ ಕಳೆದ ಮೇಲೆ ವೀರಭದ್ರಪ್ಪನವರು ಮಗಳನ್ನೂ ಸೆಟ್ಟನ್ನೂ ಕರೆದುಕೊಂಡು ಅಂಗಡಿಗೆ ಬಂದರು. ನಾನು ಟೀವಿ ಹಚ್ಚಿದೆ. ಕನ್ನಡಿ.

"ನೋಡ್ರಿ, ಎಷ್ಟ್ ಚಂದ ಐತಿ!"

"ನಿನ್ನ ಅಂಗಡ್ಯಾಗ ಚಂದ ಐತಿ" ಎಂದರು ಅವರು ತಣ್ಣಗೆ. "ನನ್ನ ಮಗಳು ನಿನ್ನ ಅಂಗಡ್ಯಾಗ ಸಂಸಾರ ಮಾಡ್ಬೇಕೇನು? ಮಂದಿ ದಿನಾ ಕೇಳಾಕತ್ತಾರ, ಮಗಳು ಯಾಕ ಬಂದಾಳ ಅಂತ. ಟೀವ್ಯಾಗ ಇರುವಿ ಬಿದ್ದಾವ, ಅದಕ್ಕ ಬಂದಾಳ ಅಂತ ಹೇಳ್ಲೇನು?"

ಸೆಟ್ಟು ಸರಿಯಾದರೆ ಅಲ್ಲಿಂದಲೇ ಹೊರಡುವವಳಂತೆ ಮಹಾದೇವಿ ಚೀಲವನ್ನು ಕೆಳಗೂ ಇಡದೆ ನಿಂತಿದ್ದಳು. ನಾನು ಅವಳ ಅಣ್ಣನನ್ನು ಕೇಳಿದ್ದೆ, ಅಪ್ಪನನ್ನು ಕೇಳಿದ್ದೆ. ಆ ಟೀವಿಯ ಎದುರು ದಿನವೂ ಇದ್ದವಳನ್ನು ಒಂದು ಮಾತು ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ. "ನಾನೇ ಬರ್ತೀನಿ" ಎಂದಷ್ಟೇ ಹೇಳಿದೆ.

ಆಗ ಬೆಳಗಿನ ಪ್ರಸಾರ ಭಾನುವಾರ ಮಾತ್ರ. ಮಧ್ಯಾಹ್ನದ ಹೊತ್ತಿಗೆ ಅದೂ ನಿಲ್ಲುತ್ತಿತ್ತು. ಅಪ್ಪ, ಮಗಳು, ನಾನು ಮೂವರೂ ಶನಿವಾರವೇ ಲಿಂಗಸುಗೂರಿಗೆ ಹೋಗಿ ವೀರಭದ್ರಪ್ಪನವರ ನೆಂಟರ ಮನೆಯಲ್ಲಿ ಉಳಿದು, ಭಾನುವಾರ ಮೊದಲ ಬಸ್ಸಿಗೆ ಗುರುಗುಂಟಾ ಮುಟ್ಟಿದೆವು. ಟೀವಿ ನನ್ನ ತೊಡೆಯ ಮೇಲಿತ್ತು. ಅಷ್ಟೊಂದು ಜೋಪಾನವಾಗಿ ನಾನು ನನ್ನ ಮಕ್ಕಳನ್ನೂ ಎತ್ತಿಕೊಂಡಿರಲಿಲ್ಲ.

ಅಮರೇಗೌಡರು ಬಾಗಿಲಲ್ಲೇ ಇದ್ದರು. "ಬಾರಪಾ ಗ್ಯಾರಂಟಿ" ಎಂದು ಸ್ವಾಗತಿಸಿದರು. ಆ ದಿನವೆಲ್ಲ ನನ್ನ ಹೆಸರು ಅದೇ ಆಯಿತು. ವೀರಭದ್ರಪ್ಪನವರನ್ನು ಒಳಗೆ ಕರೆದರು. ಮಹಾದೇವಿಯನ್ನು ಕರೆಯಲಿಲ್ಲ. ಅವಳು ಹೊರಗಿನ ಕಟ್ಟೆಯ ಮೇಲೆ ಚೀಲ ಇಟ್ಟುಕೊಂಡು ಕುಳಿತಳು. ಅತ್ತೆ ಒಂದು ತಂಬಿಗೆ ನೀರು ತಂದು ಪಕ್ಕದಲ್ಲಿಟ್ಟು, ಗಂಡನ ಮುಖ ನೋಡಿ ಒಳಗೆ ಹೋದಳು.

"ಪ್ರಸಾರ ನಿಲ್ಲೂತನ ಟೈಮ್ ಐತಿ" ಎಂದರು ಗೌಡರು. "ಕಂಡ್ರ ಮೂರೂ ಮಂದಿ ಒಳಗ ಬಂದು ಉಣ್ರಿ. ಕಾಣಲಿಲ್ಲಂದ್ರ ಮಧ್ಯಾಹ್ನದ ಬಸ್ ಐತಿ. ಮೂರೂ ಮಂದಿಗೆ ಸೀಟ್ ಸಿಗತಾವ."

ಮಾಳಿಗೆ ಹತ್ತಿದೆ. ಗೋಪುರ ಇದ್ದದ್ದು ಪೂರ್ವಕ್ಕೆ. ಆಂಟೆನಾವೂ ಪೂರ್ವಕ್ಕೇ ಇತ್ತು, ಗೆರೆ ಎಳೆದಂತೆ. ಆದರೆ ಪೂರ್ವದಲ್ಲಿ ಊರಿಗೆ ಒರಗಿದಂತೆ ಒಂದು ಬಂಡೆಗುಡ್ಡ ಎದೆಯುಬ್ಬಿಸಿ ನಿಂತಿತ್ತು. ಪೈಪು ಎತ್ತರಿಸಿದೆ. ಇಳಿಸಿದೆ. ಎಡಕ್ಕೆ ಒಂದು ಬೆರಳು, ಬಲಕ್ಕೆ ಒಂದು ಬೆರಳು. ಕೆಳಗೆ ಪರದೆ ನೋಡಿ ಕೂಗಿ ಹೇಳುವ ಕೆಲಸ ಮಹಾದೇವಿಯ ಗಂಡನದು. ಆ ಪುಣ್ಯಾತ್ಮ ಅಪ್ಪ ಎದುರಿಗಿದ್ದರೆ ಕಂಬದ ಹಿಂದಿನಿಂದಲೇ ಮಾತಾಡುವವನು.

"ಈಗರೀ?"

"ಇರುವಿ!"

"ಈಗ?"

"ದೊಡ್ಡ ಇರುವಿ!"

ಎರಡು ತಾಸು ಹೀಗೇ ಕಳೆಯಿತು. ಬಿಸಿಲು ಏರಿತು. ನೀರು ಕುಡಿಯಲು ಕೆಳಗಿಳಿದಾಗ ಮಹಾದೇವಿ ತನ್ನ ತಂಬಿಗೆ ಕೊಟ್ಟಳು. ಗಟಗಟ ಕುಡಿಯುತ್ತಿದ್ದ ನನಗೆ, ಇವತ್ತಿನ ಹವಾ ಹೇಳುವವಳಂತೆ ಹೇಳಿದಳು:

"ಅಣ್ಣಾ, ಅದನ್ನ ದಕ್ಷಿಣದ ಗುಡ್ಡದ ಕಡಿ ತಿರುವಿದ್ರ ಕಾಣತೈತಿ."

ನೀರು ನೆತ್ತಿಗೇರಿತು. "ಏನಂದಿ?"

"ಒಂದ್ ಐತವಾರ ಮೆಣಸಿನಕಾಯಿ ಒಣಹಾಕಾಕ ಮ್ಯಾಲ ಹೋಗಿದ್ದೆ. ಜಾಗ ಸಾಲದಂತ ಪೈಪ್ ತಿರುವಿದೆ. ಕೆಳಗ ಟೀವ್ಯಾಗ ಮಾತು ಕೇಳಿಸ್ತು. ಬಂದು ನೋಡಿದ್ರ ಮನಷ್ಯಾರು ಕಂಡ್ರು. ಅಷ್ಟ್ರಾಗ ಮಾವ ಬಂದು ಬೈದು ಮತ್ತ ಪೂರ್ವಕ್ಕ ತಿರುವಿದ್ರು. ಹೋತು."

"ತಂಗೀ, ಇದನ್ನ ಸಿಂಧನೂರಾಗ ಯಾಕ ಹೇಳ್ಲಿಲ್ಲ?"

"ನೀವ್ ಕೇಳಿದ್ರೇನು?"

ಇಷ್ಟು ವರ್ಷದ ನನ್ನ ವೃತ್ತಿಯಲ್ಲಿ ನನಗೆ ಬಿದ್ದ ಏಟುಗಳಲ್ಲಿ ಇದೇ ದೊಡ್ಡದು; ಇದರ ಮುಂದೆ ಉಸ್ತಾದರದು ಲೆಕ್ಕಕ್ಕೇ ಇಲ್ಲ.

ಮೇಲೆ ಓಡಿದೆ. ದಕ್ಷಿಣದಲ್ಲೂ ಒಂದು ಗುಡ್ಡ, ಬೋಳು ಬಂಡೆಯದು. ಊರಿನ ಮೇಲಿಂದ ಹಾದುಹೋಗುವ ಸಿಗ್ನಲ್ ಆ ಬಂಡೆಗೆ ಬಡಿದು, ಗೋಡೆಗೆ ಹೊಡೆದ ಚೆಂಡಿನಂತೆ ಊರಿಗೆ ಮರಳುತ್ತಿತ್ತು. ಆಂಟೆನಾ ತಿರುಗಿಸಿದೆ.

"ಬಂತು! ಮನಷ್ಯಾರು ಬಂದ್ರು! ಒಬ್ಬೊಬ್ರು ಎರಡೆರಡು ಅದಾರ!"

ಮರಳಿ ಬಂದ ಸಿಗ್ನಲ್ಲಾದ್ದರಿಂದ ಚಿತ್ರಕ್ಕೆ ನೆರಳು ಬೀಳುತ್ತಿತ್ತು. ಪರವಾಗಿಲ್ಲ, ಒಂದು ಟೀವಿಯ ದುಡ್ಡಿಗೆ ಎರಡು ಮನುಷ್ಯರು. ಆದರೆ ಅಮರೇಗೌಡರು ಅಂಗಳಕ್ಕೆ ಬಂದು ಮೇಲೆ ನೋಡಿದವರೇ ಗುಡುಗಿದರು:

"ಏ ಗ್ಯಾರಂಟಿ! ದಕ್ಷಿಣಕ್ಕ ಮಾರಿ ಮಾಡೀದೇನು? ನಮ್ಮ ಮನಿಗೆ ಆ ಕಡಿ ಒಂದ್ ಕಿಟಕಿನೂ ಇಲ್ಲ. ಯಮನ ದಿಕ್ಕು ಅದು! ಮನಿ ಮ್ಯಾಲ ನಿಂತು ಯಮನ್ನ ಕೈಮಾಡಿ ಕರದಂಗ ಐತಿ. ತಿರುವು!"

"ಗೌಡ್ರ, ತಿರುವಿದ್ರ ಇರುವಿ."

"ಇರುವಿನೇ ಇರ್ಲಿ. ಜೀವಾ ಇದ್ರ ಇರುವಿನಾದ್ರೂ ನೋಡೀವು."

ವೀರಭದ್ರಪ್ಪನವರು ಜಗಲಿಯಲ್ಲಿ ಕುಳಿತಲ್ಲೇ ಕುಗ್ಗಿದರು. ಬಸ್ಸಿಗೆ ಇನ್ನು ಒಂದು ತಾಸು. ನಾನು ಸುತ್ತ ನೋಡಿದೆ. ನಾನು ಕಲಿತ ಒಂದೇ ಮಂತ್ರ ಚೌಕಾಸಿ. ಎದುರಿನವನ ಸರಕಿನಲ್ಲೇ ನಮಗೆ ಬೇಕಾದ ಮಾತು ಬಿದ್ದಿರುತ್ತದೆ, ಕಣ್ಣು ತೆರೆದು ಹುಡುಕಬೇಕು. ಮನೆಯ ಪಕ್ಕಕ್ಕೆ ಬೇರೆಯಾಗಿ ದನದ ಕೊಟ್ಟಿಗೆ ಇತ್ತು. ಅದರೊಳಗೆ ಒಂದು ಕೋಣ ಮೆಲುಕು ಹಾಕುತ್ತಿತ್ತು.

"ಗೌಡ್ರ, ಆ ಕ್ವಾಣ ನಿಮ್ಮದೇನು?"

"ಮತ್ತ ನಿಮ್ಮಪ್ಪಂದೇನು?"

"ಯಮನ ವಾಹನಾನೇ ತಂದು ಮನ್ಯಾಗ ಕಟ್ಟಿ, ಮ್ಯಾವು ಹಾಕಿ ಸಾಕೀರಿ. ಅದಕ್ಕ ಅಂಜಿಲ್ಲ. ಒಂದ್ ಪೈಪಿಗೆ ಅಂಜತೀರೇನು? ಪೈಪ್ ಕ್ವಾಣದ ಮನಿ ಮ್ಯಾಲ ನಿಂದರಸ್ತೀನಿ. ಯಮ ಬಂದ್ರ ತನ್ನ ಗಾಡಿ ನೋಡ್ಕೊಂಡು ಹೋಗ್ತಾನ. ನಿಮ್ಮ ಮನಿ ತಂಟೆಗೆ ಬರಂಗಿಲ್ಲ."

ಅಂಗಳದಲ್ಲಿ ಸೇರಿದ್ದ ನಾಲ್ಕಾರು ಮಂದಿ ನಕ್ಕರು. ಗೌಡರು ನಗಲಿಲ್ಲ, ಆದರೆ ಮೀಸೆಯ ಕೆಳಗೆ ಏನೋ ಅಲುಗಿತು. "ಕೊಟಗಿ ಮ್ಯಾಲ ಆದ್ರ ನಡೀತೈತಿ" ಎಂದರು, ಪಂಚಾಯ್ತಿ ತೀರ್ಪು ಕೊಟ್ಟವರಂತೆ.

ಪೈಪು ಕಿತ್ತು ಕೊಟ್ಟಿಗೆಯ ಮೇಲೆ ನಿಲ್ಲಿಸಿ, ತಂತಿಗೆ ತಂತಿ ಜೋಡಿಸಿ, ದಕ್ಷಿಣಕ್ಕೆ ತಿರುಗಿಸಿದೆ. ಚಿತ್ರ ಬಂತು. ಸುದ್ದಿ ಊರಲ್ಲಿ ಓಡಿತು. ಹೆಂಗಸರು, ಗಂಡಸರು, ಮಕ್ಕಳು ಸಾಲುಗಟ್ಟಿ ಬಂದರು. ಕಟ್ಟೆಯ ಮೇಲಿದ್ದ ಮಹಾದೇವಿಯ ಕಾಲು ದಾಟಿಕೊಂಡೇ ಒಳಗೆ ಹೋದರು. ಗೌಡರು ಎಲ್ಲರನ್ನೂ ಕೈಹಿಡಿದು ಕೂರಿಸಿದರು. ಸೊಸೆ ಹೊರಗಿದ್ದಾಳೆಂಬುದು ಮನೆಯಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. ಟೀವಿ ಒಳಗೆ ಬಂದಿತ್ತಲ್ಲ.

ನಾನು ಕೊಟ್ಟಿಗೆಯ ಮೇಲೆ ಕೊನೆಯ ನಟ್ಟು ಬಿಗಿಯುತ್ತಿದ್ದೆ. ಮಹಾದೇವಿ ಚೀಲ ಹಿಡಿದು ಕೆಳಗೆ ಬಂದು ನಿಂತಳು.

"ಅಣ್ಣಾ, ಅದನ್ನ ಪೂರ್ವಕ್ಕ ತಿರುವ್ರಿ."

"ಯಾಕವ್ವಾ? ಈಗರ ಬಂದೈತಿ!"

"ಗೊತ್ತೈತಿ. ತಿರುವ್ರಿ."

ಅವಳ ಮುಖ ನೋಡಿದೆ. ಅಳು ಇರಲಿಲ್ಲ. ಸಂತೆಯಲ್ಲಿ ಸರಕು ಮುಚ್ಚಿಟ್ಟು, ಬೆಲೆ ಹೇಳಿದ ಮೇಲೆ ತೆರೆಯುತ್ತೇನೆ ಎನ್ನುವವರ ಮುಖ ಅದು. ಅಂಥ ಮುಖ ನನಗೆ ಚೆನ್ನಾಗಿ ಗೊತ್ತು. ಗಿರಾಕಿಯ ಮನೆಯಲ್ಲಿ ಸರಿಯಿದ್ದದ್ದನ್ನು ಬೇಕೆಂದೇ ಕೆಡಿಸಿದ್ದು ನನ್ನ ವೃತ್ತಿಯಲ್ಲಿ ಅದೊಂದೇ ಸಲ. ತಿರುಗಿಸಿದೆ.

ಒಳಗೆ ಹೋ ಎಂದು ಗದ್ದಲ ಎದ್ದಿತು. "ಇರುವಿ! ಇರುವಿ!" ಗೌಡರು ಓಡಿ ಬಂದರು. ಅವರ ಬೆನ್ನಿಗೆ ಅರ್ಧ ಊರು.

"ಏ ಗ್ಯಾರಂಟಿ, ಏನಾತೋ?"

"ನಾನೇ ತಿರುವಿಸೀನ್ರೀ ಮಾವಾ" ಎಂದಳು ಮಹಾದೇವಿ. ಸೆರಗು ತಲೆಯ ಮೇಲಿತ್ತು, ದನಿ ತಗ್ಗಿರಲಿಲ್ಲ. "ಸೆಟ್ ಹೆಂಗೈತಿ ಅಂತ ಹೇಳ್ರಿ. ಆಮ್ಯಾಲ ನೋಡ್ರಿ."

ಗೌಡರು ನನ್ನನ್ನು ನೋಡಿದರು. ನಾನು ನಟ್ಟು ಬಿಗಿಯುವ ಪಾನಾ ಹಿಡಿದು ಮೋಡ ನೋಡಿದೆ. ಒಂದೂ ಮೋಡ ಇರಲಿಲ್ಲ. ಪಕ್ಕದ ಮುದುಕಿಯೊಬ್ಬಳು, "ಲಗೂನ ಹೇಳಪಾ ಅಮರ್ಯಾ, ಆಟ ಮುಗದ್ ಹೋಕ್ಕತಿ" ಎಂದು ತಿವಿದಳು.

"ಚಲೋ ಐತಿ" ಎಂದರು ಗೌಡರು ಹಲ್ಲಿನೊಳಗೆ.

"ಅಪ್ಪಗ ಕೇಳ್ಸಿಲ್ಲರೀ."

"ಸೆಟ್ ಚಲೋ ಐತಿ! ಬೀಗರು ಚಲೋದೇ ಕೊಟ್ಟಾರ!"

"ಆವತ್ತ ನಾ ತಿರುವಿದಾಗ ಕಂಡಿತ್ತಲ್ಲರೀ?"

ಗೌಡರು ಮುಖ ತಿರುಗಿಸಿ ಕೊಟ್ಟಿಗೆಯೊಳಗೆ ನೋಡಿದರು. ಕೋಣ ಒಮ್ಮೆ ಬಾಲ ಬೀಸಿತು.

"ಕಂಡಿತ್ತು. ಹೊಳ್ಳಿ ತಿರುವಿದಾಂವ ನಾನು. ನಿಂದೇನ್ ತಪ್ಪಿಲ್ಲ. ಒಳಗ ಬಾರವ್ವಾ."

ಆಗ ಗಂಡನೆಂಬ ಪುಣ್ಯಾತ್ಮ ಕಂಬದ ಹಿಂದಿನಿಂದ ಹೊರಗೆ ಬಂದು ಚೀಲ ಇಸಿದುಕೊಂಡ. ಮಹಾದೇವಿ ನನ್ನ ಕಡೆ ನೋಡಿ ತಲೆಯಾಡಿಸಿದಳು. ನಾನು ಆಂಟೆನಾವನ್ನು ಗುಡ್ಡಕ್ಕೆ ತಿರುಗಿಸಿ, ನಟ್ಟು ಬಿಗಿದು, ಕೈ ತೊಳೆದುಕೊಂಡು ಬಾಗಿಲಿಗೆ ಬಂದೆ.

ಒಳಗೆ ಕಾಲಿಡಲು ಜಾಗವಿರಲಿಲ್ಲ. ಮಹಾದೇವಿ ಎಲ್ಲರಿಗಿಂತ ಮುಂದೆ, ಟೀವಿಯ ಎದುರಿಗೇ, ಪರದೆಗೆ ಅರ್ಧ ಅಡ್ಡವಾಗಿ ಕುಳಿತಿದ್ದಳು. ಅವಳ ಹಿಂದೆ ಅಮರೇಗೌಡರು ಕುತ್ತಿಗೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಉದ್ದ ಮಾಡಿ ನೋಡುತ್ತಿದ್ದರು. ಸ್ವಲ್ಪ ಸರಿಯವ್ವಾ ಎಂದು ಹೇಳುವ ಧೈರ್ಯ ಅವರಿಗೆ ಆ ದಿನ ಬರಲಿಲ್ಲ.